ಹೀರೋನ ಹೆಗಲ ಮೇಲಿನ ಮಿಂಚುಳ್ಳಿ

ಅಬ್ಬಾ,

ನೀವು ತೀರಿಕೊಂಡ ಎರಡು ವರ್ಷಕ್ಕೆ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ ತೆರೆದಿದ್ದೇನೆ. ನಾನು ಬಿಡಿಸಿದ ಚಿತ್ರ, ಭೀಮಾ ದಂಡೆಯ ಹಕ್ಕಿ, ನನ್ನ ಮೆಚ್ಚಿನ ಸಿನಿಮಾ ಹೀರೋ, ಎಲ್ಲವೂ ಅದರಲ್ಲಿ ಕಲಸುಮೇಲೋಗರ. ನಿನ್ನೆ ಹೀರೋನ ಹೆಗಲ ಮೇಲೆ ಮಿಂಚುಳ್ಳಿ ಕೂರಿಸಿ ಹಾಕಿದೆ. ಜನ ಹೀರೋನನ್ನು ಬಿಟ್ಟು ಹಕ್ಕಿಯನ್ನೇ ಹೊಗಳಿದರು.

ವಡಗೇರಾದ ಕಿರಾಣಿ ಅಂಗಡಿಯ ಅಂಬಣ್ಣ ಬರೆದರು: "ಇದು ಪೇಂಟರ್ ಶರೀಫಸಾಬ್ರ ಹಕ್ಕಿ ಅಲ್ಲೇನ್ರಿ? ತಮ್ಮ ಹೆಸರಿನ ಬದ್ಲಿ ಇದನ್ನ ಬರೀತಿದ್ರು. ನಮ್ಮ ಅಂಗಡಿ ಬೋರ್ಡಿನ್ಯಾಗೂ ಐತಿ. ಆದ್ರ ಯಾದಗಿರಿ ಟಾಕೀಸಿನ ಮುಂದ ನಿಲ್ಲಿಸಿದ್ದ ಹೀರೋನ ಕಟೌಟಿಗಿ ಹಕ್ಕಿನೇ ಇರ್ಲಿಲ್ಲ. ಮರ್ತಿದ್ರೇನು?"

"ಅಬ್ಬಾ ಮರ್ತಿರ್ಲಿಲ್ರಿ," ಎಂದಷ್ಟೇ ಉತ್ತರ ಬರೆದೆ.

ಹೀರೋನ ಮೇಲೆ ಹಕ್ಕಿ ಕಂಡರೆ ಗೆಳತಿಯರು ನಗುತ್ತಾರೆಂದು, ಅಂದು ನೀವು ಆ ಕಟೌಟಿನ ಹೆಗಲ ಮೇಲೆ ಬರೆದಿದ್ದ ಹಕ್ಕಿಯನ್ನು ಬಣ್ಣ ಒಣಗುವ ಮೊದಲೇ ಸೀಮೆಎಣ್ಣೆಯ ಬಟ್ಟೆಯಿಂದ ನಾನೇ ಒರೆಸಿಬಿಟ್ಟಿದ್ದೆ. ನೀವು ಬಂದು ಖಾಲಿ ಹೆಗಲು ನೋಡಿದಿರಿ. ಆಮೇಲೆ ನನ್ನ ಕೈ ನೋಡಿದಿರಿ.

"ಸಾಬೂನು ಹಚ್ಚಿ ತಿಕ್ಕಿ ತೊಳ್ಕೊ ಬೇಟಿ," ಅಂದಿರಿ. "ಚಿಮಣಿ ಎಣ್ಣಿ ವಾಸನಿ ಲಗೂನ ಹೋಗಂಗಿಲ್ಲ."

ಗುಲಫಶಾ