ಉಡುಗೊರೆ ಎಂದು ಬರೆಸಿಕೊಂಡ ದುಡ್ಡು

ಸೆಪ್ಟೆಂಬರ್ 7, 2010. ಸ್ಕೆನೆಕ್ಟಡಿ, ಅಮೆರಿಕ

ಡ್ಯೂಟಿ ಮುಗಿಸಿ ಬರುವಾಗ ಮತ್ತೆ ಆ ಹಳದಿ ಮನೆ ನೋಡಿದೆ. ಬ್ಯಾಂಕು ಮುಟ್ಟುಗೋಲು ಹಾಕಿಕೊಂಡು ಮಾರುತ್ತಿರುವ ಮನೆ. ತಾಮ್ರದ ಪೈಪೆಲ್ಲ ಕಳ್ಳರ ಪಾಲು. ಸೀಲಿಂಗ್ ಕಳಚಿ ಸಿಂಕಿನಲ್ಲಿ ಬಿದ್ದಿದೆ. ಆದರೂ ಆಸೆ... ನಮ್ಮದೇ ಒಂದು ಒಲೆ!

ಮೈದುನನ ಅಟ್ಟದಲ್ಲಿ ಇದು ಮೂರನೇ ವರ್ಷ. ರೊಟ್ಟಿ ಸುಡಲೂ ಅವನ ಹೆಂಡತಿಯ ಅಪ್ಪಣೆ ಬೇಕು. ಇವತ್ತು ಅವಳು ಹೇಳಿಯೇಬಿಟ್ಟಳು— "ಅಕ್ಕಾ, ಹಿಮ ಬೀಳೋ ಮುಂಚೆ ಅಟ್ಟ ಖಾಲಿ ಮಾಡಿ. ನಮ್ಮೂರು ಗಯಾನಾದಿಂದ ನನ್ನ ತಂಗಿ ಬರ್ತಿದ್ದಾಳೆ."

ಸೆಪ್ಟೆಂಬರ್ 9

ಬ್ರೋಕರ್ ಡೋನಾ ಹತ್ತಿರ ಹೋಗಿದ್ದೆವು. "ಬಾಯಿಮಾತಿನ ಆಫರ್‌ನ ಬ್ಯಾಂಕಿನೋರು ಕಣ್ಣೆತ್ತಿಯೂ ನೋಡಲ್ಲಮ್ಮ. ಸಾಲ ಕೊಡ್ತೀವಿ ಅಂತ ಸಾಲದ ಕಂಪನಿ ಪತ್ರ ಜೊತೆಗಿರ್ಬೇಕು." ಪಾಳು ಮನೆಗೆ ಮಾಮೂಲಿ ಸಾಲ ಸಿಗದು, ರಿಪೇರಿ ಸೇರಿಸಿದ ಸಾಲವೇ ಆಗಬೇಕಂತೆ. ಆ ಪತ್ರ ಸಿಗಲು ನಮ್ಮ ಕೈಯ ದುಡ್ಡೂ ಖಾತೆಯಲ್ಲಿ ಕಾಣಬೇಕು.

ನಮ್ಮ ಖಾತೆ! ಗಂಡ ಹರ್ದತ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಸೆಪ್ಟೆಂಬರ್ 12, ಭಾನುವಾರ

ನಮ್ಮೂರ ಕಡೆಯ ಸುಮಿಂತ್ರಾ ಆಂಟಿ ಮನೆಯಲ್ಲಿ ಹೊಸ ಬಾಕ್ಸ್, ಅಂದರೆ ಚೀಟಿ, ಶುರು. ಹನ್ನೆರಡು ಹೆಂಗಸರು, ತಿಂಗಳಿಗೊಂದು ಕಂತು, ಕೂಡಿದ್ದೆಲ್ಲ ಸರದಿಯಂತೆ ಒಬ್ಬಳಿಗೆ. ಮೊದಲ ಸರದಿ ಆಂಟಿಯದು, ಕಡೆಯದು ನನ್ನದು. ಸರದಿ ಬದಲಿಸಿಕೊಳ್ಳೋಣವೇ ಎಂದು ನಾಚಿಕೆ ಬಿಟ್ಟು ಆಂಟಿಯನ್ನು ಕೇಳಿದೆ.

"ತಗೊಳ್ಳೇ ಹುಡುಗಿ. ಹಲ್ಲು ಕಟ್ಟಿಸೋಣ ಅಂತಿದ್ದೆ. ಇಷ್ಟು ದಿನ ದಾಲ್ ಪುರಿ ಬೊಚ್ಚುಬಾಯಲ್ಲೇ ನುಂಗಿದೀನಿ, ಇನ್ನೊಂದು ವರ್ಷ ನುಂಗ್ತೀನಿ."

ಎಲ್ಲರೂ ನಕ್ಕರು. ನನಗೆ ಅಳು ಬಂತು.

ಸೆಪ್ಟೆಂಬರ್ 20

ಬಾಕ್ಸಿನ ದುಡ್ಡನ್ನು ಒಟ್ಟಿಗೇ ಖಾತೆಗೆ ಕಟ್ಟಿದ್ದೇ ತಪ್ಪಾಯಿತು. ಸಾಲದ ಕಂಪನಿಯಿಂದ ಫೋನ್— ಇಷ್ಟು ನಗದು ಎಲ್ಲಿಂದ ಬಂತು? ಬಾಕ್ಸ್ ಎಂದೆ. ರಸೀದಿ ಎಲ್ಲಿ ಎಂದರು. ನಮ್ಮಲ್ಲಿ ಬಾಕ್ಸಿಗೆ ರಸೀದಿ ಕೇಳಿದವಳ ಮುಖಕ್ಕೆ ಉಗಿಯುತ್ತಾರೆ.

ಹರ್ದತ್ ಉಪಾಯ ಹೇಳಿದ: ಆಂಟಿ ನಮಗೆ ಉಡುಗೊರೆ ಕೊಟ್ಟದ್ದು ಎಂದು ಬರೆಸಿಕೊಳ್ಳೋಣ. ಬಂಧುಗಳ ಉಡುಗೊರೆಯಾದರೆ ಕಂಪನಿ ಒಪ್ಪುತ್ತದಂತೆ.

ಸೆಪ್ಟೆಂಬರ್ 21

ಬರೆಸಿಕೊಂಡೆವು. ಆಂಟಿ ನನ್ನ ಸೋದರತ್ತೆ ಎಂದು ಒಂದು ಸುಳ್ಳು. 'ಹಿಂತಿರುಗಿಸಬೇಕಾಗಿಲ್ಲ' ಎಂದು ಇನ್ನೊಂದು. ಎರಡನ್ನೂ ಆಂಟಿಗೆ ಓದಿ ಹೇಳಿದೆ.

"ನಿನಗೂ ಗೊತ್ತು, ನನಗೂ ಗೊತ್ತು. ಅವರಿಗೆ ಏನು ಬೇಕೋ ಅದು ಬರ್ಕೊಳ್ಲಿ ಬಿಡು" ಎಂದು ಸಹಿ ಹಾಕಿದಳು.

ಅಕ್ಟೋಬರ್ 10, ಭಾನುವಾರ

ಬ್ಯಾಂಕಿನವರು ನಮ್ಮ ಆಫರ್ ಒಪ್ಪಿದ್ದಾರೆ!! ಬಾಕ್ಸಿನ ಕಂತು ಕಟ್ಟಿ ಬಂದೆ. ಆಂಟಿ ನನಗಿಂತ ಜೋರಾಗಿ ಕುಣಿದಳು.

ನವೆಂಬರ್ 6

ಕೀಲಿ ಕೈಗೆ ಬಂತು. ನೀರಿಲ್ಲ, ಶಾಖವಿಲ್ಲ. ಕೋಟು ಹಾಕಿಕೊಂಡೇ ಮಲಗಿದೆವು. ಆದರೂ ಸುಖ. ನಮ್ಮದು.

ನವೆಂಬರ್ 13

ನಾಳೆಯ ಕಂತಿಗೆಂದು ಬ್ಯಾಂಕಿಗೆ ಹೋದೆ. ಖಾತೆ ಖಾಲಿ. ನನ್ನ ಸಂಬಳವೂ ಇಲ್ಲ.

"ಮನೆ ಬೆಚ್ಚಗಿಡೋ ಫರ್ನೇಸಿಗೆ ಕೊಟ್ಟೆ" ಎಂದ ಹರ್ದತ್.

"ನಾಳೆ ಬಾಕ್ಸ್ ಅಲ್ವಾ?"

"ಯಾವ ಬಾಕ್ಸು? ಉಡುಗೊರೆ ಅಂತ ಮುದುಕಿನೇ ಸಹಿ ಹಾಕಿದಾಳೆ. ಪೈಸೆ ಕೊಡಲ್ಲ. ನಾಳೆಗೂ ಇಲ್ಲ, ಮುಂದಕ್ಕೂ ಇಲ್ಲ. ಕೋರ್ಟಿಗೆ ಹೋಗ್ಲಿ, ನೋಡೋಣ."

ನಗುತ್ತಾ ಹೇಳಿದ. ಇವನ ಜೊತೆ ಹದಿನಾಲ್ಕು ವರ್ಷ ಬಾಳಿದ್ದೇನೆ. ಅಸಹ್ಯವಾಯಿತು.

ನವೆಂಬರ್ 14, ಭಾನುವಾರ ಬೆಳಿಗ್ಗೆ

ಮನೆ ಬೆಚ್ಚಗಿದೆ. ಅದೇ ಹಿಂಸೆ. ಬಾಕ್ಸಿಗೆ ನಾನಾಗಿ ಹೋಗುವ ಮೊದಲೇ ಆಂಟಿ ಬಂದಿದ್ದಾಳೆ. ಕಿಟಕಿಯಿಂದ ಕಾಣುತ್ತಿದ್ದಾಳೆ, ಕೈಯಲ್ಲಿ ಬಿಸಿ ಪಾತ್ರೆ.

"ಹೊಸ ಮನೆ ನೋಡೋಕೆ ಬಂದ್ನೇ! ಬಾಗಿಲು ತೆಗಿ, ಕೈ ಸುಡ್ತಿದೆ!"

ಕೆಳಗಿನಿಂದ ಹರ್ದತ್— "ತೆಗೀಬೇಡ!"

ಕಂತಿನ ಬದಲು ಆಂಟಿಗೆ ಕೊಡಲು, ಅಮ್ಮ ಮದುವೆಗೆ ಹಾಕಿದ ಚಿನ್ನದ ಬಳೆ ಎಳೆಯುತ್ತಿದ್ದೇನೆ. ಕೈ ದಪ್ಪಗಾಗಿದೆ. ಸೋಪು ಹಚ್ಚೋಣವೆಂದರೆ ನಲ್ಲಿಯಲ್ಲಿ ನೀರಿಲ್ಲ. ಅಡುಗೆ ಎಣ್ಣೆ ಸುರಿದುಕೊಂಡೆ, ಈ ಹಾಳೆಗೂ ಬಿತ್ತು.

"ಹುಡುಗೀ, ಒಳಗಿದ್ದೀಯೇನೇ?"

ಇದ್ದೀನಿ ಆಂಟಿ. ಗೆಣ್ಣು ದಾಟಿತು, ಇನ್ನೊಂದು ಸಲ ಎಳೆದರೆ—