ಅರ್ಧಕ್ಕೆ ಇಂಗಿಸಿದ ನೀರು

ಅವ್ವ ಅಪ್ಪ ರಂಗದ ಮೇಲೆ ರಾಜ್ಯವಾಳುತ್ತಿದ್ದಾಗ ಪರದೆಯ ಹಿಂದೆ ನನ್ನನ್ನು ಸಾಕಿದ ಅಕ್ಕಯ್ಯಮ್ಮನಿಗೆ,

ಅಕ್ಕಾ, ಮೊದಲು ಒಲೆ ಆರಿಸು. ಹಿತ್ತಾಳೆ ತಪ್ಪೇಲಿಯಲ್ಲಿ ನೀರು ಕುದಿಯುತ್ತಿದ್ದರೆ ಅದನ್ನು ಮೋರಿಗೆ ಚೆಲ್ಲು. ಆಮೇಲೆ ಕನ್ನಡಕ ಹಾಕಿಕೊಂಡು ಕೂತು ಓದು. ಈ ಕಾಗದ ತಂದ ಅಳಿಯ ಬಸವಕಿರಣ್ ಬಾಗಿಲಲ್ಲೇ ನಿಂತಿರುತ್ತಾನೆ. ಅವನಿಗೆ ಚಹಾ ಮಾಡಲು ಏಳಬೇಡ. ನೀನು ಓದಿ ಮುಗಿಸುವವರೆಗೂ ಕಾಯುತ್ತೇನೆಂದು ಮಾತು ಕೊಟ್ಟು ಬಂದಿದ್ದಾನೆ.

ನಿನ್ನೆ ನಿನ್ನ ಹೆಗ್ಗನಹಳ್ಳಿಯ ಕೋಣೆಗೆ ಬಂದವನು ಕೂರದೆ, ನಿಂತ ನಿಲುವಿನಲ್ಲೇ ಆ ತಪ್ಪೇಲಿಯನ್ನು ಮಗುಚಿ ಹಾಕಿದೆನಲ್ಲ, ನಿನಗೆ ಸಿಟ್ಟು ಬಂತು. "ಹುಚ್ಚು ಹಿಡಿದೈತೇನೋ ಕೊಟ್ರ, ಅದು ಕೂಸಿನ ಹಾಲಿಗೆ ಇಟ್ಟ ನೀರು," ಅಂದೆ. ಆ ನೀರು ಕೂಸಿಗೆ ಬೇಡವೆಂದು ನಾನು ಕೂಗಿ ಹೇಳಿದೆ. ಟೆಂಟಿನ ಕೊನೆಯ ಗಳುವಿನ ಬುಡದಲ್ಲಿ ನೆಲದ ಮೇಲೆ ಕೂತವನಿಗೂ, ಅವನಾಚೆ ಮಿರ್ಚಿ ಕರಿಯುತ್ತಿದ್ದವನಿಗೂ ಮುಟ್ಟಿದ ದನಿ ನನ್ನದು. ಮಾಗಡಿ ರಸ್ತೆಯ ಬಸ್ಸುಗಳನ್ನು ಮೀರಿಸಿ ಕೂಗಿದೆ. ಬೀದಿಯ ನಾಯಿಗಳು ಎದ್ದು ನಿಂತವು. ನೀನು ನನ್ನ ಬಾಯಿ ಅಗಲವಾದದ್ದನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೋ, ಕೂಸು ಮಲಗೈತಿ," ಅಂದೆ. ಊರಿಗೆಲ್ಲ ಕೇಳಿಸಿದ ಮಾತು, ಈಚೆಗೆ ಪೂರ್ತಿ ಮಂದವಾದ ನಿನ್ನ ಕಿವಿಗೆ ಮಾತ್ರ ಇಳಿಯಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಸೈಡ್ ವಿಂಗಿನಲ್ಲಿ ನಿಂತು, ಪ್ರಾಂಪ್ಟರನ ಹೆಗಲ ಮೇಲಿಂದ ಅವನ ಕೈಯ ನಾಟಕದ ಪುಸ್ತಕಕ್ಕೆ ಇಣುಕಿ ಇಣುಕಿ ನೀನು ಕಲಿತ ಅಕ್ಷರ ಇವತ್ತು ನಮ್ಮಿಬ್ಬರ ಕೈ ಹಿಡಿಯಬೇಕು.

ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ನಮ್ಮ ಶುಭಾಳ ಮಗ ಗಿರಿರಾಜ ತೀರಿಕೊಂಡದ್ದು, ನಾವು ನಿನಗೆ ಹೇಳಿದಂತೆ, ಹೃದಯದ ತೂತಿನಿಂದಲ್ಲ. ಅವನ ಹೃದಯ ಗಟ್ಟಿಯಾಗಿತ್ತು. ಅವನನ್ನು ಕೊಂದದ್ದು ನೀರು. ಹೇರೋಹಳ್ಳಿಯ ಮನೆಯ ಬೋರಿನ ನೀರು, ಅರ್ಧಕ್ಕೆ ಇಂಗಿಸಿದ ನೀರು.

ಕಾಗದ ಕೆಳಗಿಡಬೇಡ ಅಕ್ಕಾ. ಮುಂದೆ ಓದು.

ಆ ನೀರಿನ ಕಥೆ ನಮ್ಮ ಕಥೆಯೇ. ತಿಂಗಳಿಗೊಂದು ಊರು, ಊರಿಗೊಂದು ಬಾವಿ. ಒಂದು ಊರಿನ ನೀರು ಸವುಳು, ಇನ್ನೊಂದು ಊರಿನದು ಕೆಸರು. ಬಣ್ಣ ಹಚ್ಚಿದವರ ಗಂಟಲು ಕಟ್ಟಿತೆಂದರೆ ಅಂದಿನ ಆಟ ಮುಗಿಯಿತು. ಲಂಗ ಹಾಕುತ್ತಿದ್ದ ವಯಸ್ಸಿನಲ್ಲೇ ನಾಟಕ ಕಂಪನಿಯ ಅಡುಗೆಮನೆ ನಿನ್ನ ಪಾಲಿಗೆ ಬಂತು. ಬೇವಿನ ಕಡ್ಡಿಯೊಂದಕ್ಕೆ ಚಾಕುವಿನಿಂದ ಗೀಟು ಹಾಕಿ, ಕುದಿಯುವ ತಪ್ಪೇಲಿಗೆ ಅದ್ದಿ ಅದ್ದಿ ನೋಡುತ್ತಿದ್ದೆ. ನೀರು ಗೀಟಿಗೆ ಇಳಿದ ಮೇಲೆಯೇ ರಾಜನಿಗಾಗಲಿ, ಪರದೆ ಎಳೆಯುವವನಿಗಾಗಲಿ ಒಂದು ಗುಟುಕು ಸಿಗುತ್ತಿತ್ತು. ವಾಂತಿಭೇದಿ ಬಂದ ವರ್ಷ ನಾವು ಬಿಡಾರ ಹೂಡಿದ್ದ ಊರಿನಲ್ಲಿ ಓಣಿ ಓಣಿಯಲ್ಲೂ ಹೆಣ ಎದ್ದವು, ನಮ್ಮ ಕಂಪನಿಯಲ್ಲಿ ಒಬ್ಬರೂ ಮಲಗಲಿಲ್ಲ. ಮಾಲೀಕ ಅಮೀನಪ್ಪ ಊಟದ ಪಂಕ್ತಿಯಲ್ಲಿ ಎದ್ದು ನಿಂತು ಹೇಳಿದ್ದು ನನಗೆ ಇನ್ನೂ ಕೇಳುತ್ತದೆ: "ಈ ಹುಡುಗಿ ಕೈಯಾಗಿನ ನೀರಿದ್ರ ನಾಟಕ. ಇಲ್ಲಂದ್ರ ಪಡದೆ ಇಳಿಸ್ರಿ, ಮನೀಗೆ ಹೋಗೂಣು."

ಅಂಥ ಕೈ ಅದು. ಶುಭಾ ಹೆರಿಗೆಯಾದ ಮೇಲೆ ಜ್ವರ ಬಿದ್ದು, ಔಷಧಿಗಳ ಕಾವಿಗೆ ಎದೆಹಾಲು ಬತ್ತಿ, ಡಾಕ್ಟರು ಪುಡಿ ಹಾಲು ಬರೆದುಕೊಟ್ಟಾಗ ಆ ಕೈಯನ್ನಲ್ಲದೆ ಇನ್ನಾರ ಕೈಯನ್ನು ನಂಬುತ್ತಿದ್ದೆವು ಹೇಳು. ಅಡುಗೆಮನೆಯಲ್ಲಿ ಆ ದಿನ ನಡೆದದ್ದು ನೀರಿನ ಸ್ವಯಂವರ. ಕಾವೇರಿಯ ಪೈಪು ನಮ್ಮ ಅಡ್ಡರಸ್ತೆಗೆ ಬಂದಿತ್ತು, ಕಾವೇರಿ ಬಂದಿರಲಿಲ್ಲ. ಕಿರಣ ಅಂಗಡಿಯಿಂದ ಕ್ಯಾನು ಹೊತ್ತು ತಂದ. ನೀನು ಅದರ ಮುಚ್ಚಳದ ಸೀಲು ಸಡಿಲವಾದದ್ದನ್ನು ತೋರಿಸಿ, ಒಳಗೆ ತೇಲುತ್ತಿದ್ದ ಕೂದಲನ್ನು ಬೆರಳಲ್ಲಿ ಎತ್ತಿ ಹಿಡಿದೆ. "ಇದು ಯಾರ ತಲೀದೋ, ಯಾವ ಊರ ತೊಟ್ಟೀದೋ. ನಮ್ಮ ಬೋರಿಂದು ಕಣ್ಣ ಮುಂದ ಬರತೈತಿ," ಅಂದೆ. ಶುಭಾ ಮಂಚದಿಂದಲೇ, "ಅತ್ತೆ, ಬೋರ್ ವಾಟರ್ ಗಡಸು ಅಲ್ವಾ," ಅಂದಳು. ಕಿರಣ ನಕ್ಕ. "ಬಿಡೇ, ಅತ್ತೆ ಅರ್ಧಕ್ಕೆ ಇಂಗ್ಸಿದ್ರೆ ಯಾವ ಕ್ರಿಮಿ ಉಳಿಯುತ್ತೆ. ಈ ನೀರು ಕುಡಿದ್ರೆ ನಿನ್ನ ಮಗ ಅಳೋದಿಲ್ಲ, ನೇರವಾಗಿ ಡೈಲಾಗ್ ಹೊಡೀತಾನೆ." ನಾವೆಲ್ಲ ನಕ್ಕೆವು. ಬೇವಿನ ಕಡ್ಡಿ ಪೆಟ್ಟಿಗೆಯಿಂದ ಹೊರಗೆ ಬಂತು.

ಅವನು ಡೈಲಾಗ್ ಹೊಡೆಯಲಿಲ್ಲ. ಬರಬರುತ್ತ ಅಳುವುದನ್ನೂ ಕಡಿಮೆ ಮಾಡಿದ. ಒಳ್ಳೆಯ ಕೂಸು, ಸುಮ್ಮನಿರುತ್ತದೆ ಎಂದು ಬಂದವರೆಲ್ಲ ಹೊಗಳಿದರು. ಆಮೇಲೊಂದು ಮಧ್ಯಾಹ್ನ ಎಣ್ಣೆ ಹಚ್ಚಿ ಎರೆದು, ಕಿಟಕಿಯ ಬೆಳಕಿಗೆ ಅವನನ್ನು ಎತ್ತಿ ಹಿಡಿದು ನೀನು ನನ್ನನ್ನು ಕರೆದೆ. "ನೋಡಲ್ಲಿ ಕೊಟ್ರ, ತುಟಿ ಉಗುರು ಹೆಂಗಾಗ್ಯಾವು. ನಿನಗ ಬಾಲಕೃಷ್ಣನ ಬಣ್ಣ ಹಚ್ಚತಿದ್ನಲ್ಲ, ಅದ ಬಣ್ಣ." ನಿನ್ನ ದನಿಯಲ್ಲಿ ಮೊದಲು ಮಮತೆಯಿತ್ತು. ಮಾತು ಮುಗಿಯುವಷ್ಟರಲ್ಲಿ ಅದು ಹೋಗಿ ಭಯ ಬಂದಿತ್ತು. ಸಫೇದದ ಬಿಳಿ ಪುಡಿಯಲ್ಲಿ ನೀಲಿ ಕಲಸಿ, ನನ್ನ ಗಲ್ಲ ಹಿಡಿದು ಬಳಿದವಳು ನೀನು. ಆ ಬಣ್ಣ ಒಳಗಿನಿಂದ ಮೇಲೆ ಬರುವುದನ್ನು ನಾವಿಬ್ಬರೂ ಮೊದಲ ಸಲ ನೋಡಿದೆವು.

ಆಸ್ಪತ್ರೆಯಲ್ಲಿ ನೀನು ಹೊರಗೆ ಬೆಂಚಿನ ಮೇಲಿದ್ದೆ. ಒಳಗೆ ನಡೆದದ್ದನ್ನು ಈಗ ಕೇಳು. ಕೂಸಿನ ರಕ್ತ ತೆಗೆದರು. ಅದು ಕೆಂಪಾಗಿರಲಿಲ್ಲ ಅಕ್ಕಾ, ಕಾಫಿ ಡಿಕಾಕ್ಷನ್ನಿನಂತೆ ಕಂದಾಗಿತ್ತು. ಡಾಕ್ಟರಮ್ಮ ಆ ಕೊಳವೆಯನ್ನು ಬೆಳಕಿಗೆ ಹಿಡಿದು, ನಮ್ಮ ಕಡೆ ತಿರುಗಿ ಕೇಳಿದ ಪ್ರಶ್ನೆ ಒಂದೇ. "ಹಾಲಿನ ಪುಡಿಗೆ ಯಾವ ನೀರು ಹಾಕ್ತೀರಾ?" ಶುಭಾ ಹೆಮ್ಮೆಯಿಂದಲೇ ಹೇಳಿದಳು, ಅರ್ಧಕ್ಕೆ ಇಂಗಿಸಿದ್ದು ಎಂದು. ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರು. ಆ ನೀಲಿಯನ್ನು ಕಳೆಯಲು ಕೊಡುವ ಔಷಧಿಯೂ ನೀಲಿಯೇ. ಸೂಜಿಯಲ್ಲಿ ಅದು ಇಳಿಯುವುದನ್ನು ನಾನು ನೋಡುತ್ತ ನಿಂತಿದ್ದೆ. ನಾವು ತಡವಾಗಿ ಬಂದಿದ್ದೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅವರು ಹೇಳಿದ್ದನ್ನು ನಿನ್ನ ಭಾಷೆಗೆ ತಂದು ಹೇಳುತ್ತೇನೆ. ನಮ್ಮ ಸೈಟಿದ್ದ ಜಾಗ ಹಿಂದೆ ಹೇರೋಹಳ್ಳಿಯ ತಿಪ್ಪೆಗಳಿದ್ದ ಜಾಗ. ಈಗ ಸುತ್ತ ಮನೆಮನೆಗೂ ಪಾಯಖಾನೆಯ ಗುಂಡಿ. ಅದೆಲ್ಲ ನೆಲಕ್ಕಿಳಿದು, ನೈಟ್ರೇಟ್ ಎಂಬ ಉಪ್ಪಾಗಿ ಬೋರಿನ ನೀರಿಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಾನು ನೀನು ಕುಡಿದರೆ ತಿಳಿಯುವುದೂ ಇಲ್ಲ. ಎಳೆಗೂಸಿನ ರಕ್ತ ಅದನ್ನು ತಡೆಯದು, ಉಸಿರನ್ನು ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಕ್ರಿಮಿಯಾದರೆ ಕುದಿಸಿದರೆ ಸಾಯುತ್ತದೆ. ಉಪ್ಪು ಸಾಯುತ್ತದೆಯೇ? ಒಲೆಯ ಮೇಲೆ ಮರೆತ ಸಾರು ಇಂಗಿ ಇಂಗಿ ಬಾಯಿಗಿಡಲಾರದಷ್ಟು ಉಪ್ಪಾಗುವುದನ್ನು ನಿನಗಿಂತ ಬಲ್ಲವರಾರು. ನೀರು ನಿನ್ನ ಗೀಟಿಗೆ ಇಳಿಯುವ ಹೊತ್ತಿಗೆ ಅದರೊಳಗಿನ ವಿಷ ಎರಡರಷ್ಟು ದಟ್ಟವಾಗುತ್ತಿತ್ತು.

ಹೆಣ ಮನೆಗೆ ತರುವ ಮೊದಲು ಶುಭಾ ನನ್ನ ಅಂಗಿ ಹಿಡಿದು ಹೇಳಿದಳು. "ಅತ್ತೆಗೆ ಹೇಳ್ಬೇಡಿ ಅಪ್ಪ. ಗೊತ್ತಾದ್ರೆ ಅವರೂ ಉಳಿಯಲ್ಲ. ನನ್ನ ಕೈಲಿ ಎರಡು ಸಾವು ಆಗಲ್ಲ." ಹಾಗೆ ಹುಟ್ಟಿತು ಆ ಹೃದಯದ ತೂತು. ವಿಜಯನಗರದ ಬಾಡಿಗೆ ಮನೆಗೆ ಬಂದದ್ದು ಅವಳ ಆಫೀಸಿಗೆ ಹತ್ತಿರವೆಂದು ನಿನಗೆ ಹೇಳಿದೆವು. ಆ ಬೋರಿನ ಮೋಟಾರಿನ ಸದ್ದು ಅವಳಿಗೆ ಕೇಳಲಾಗುತ್ತಿರಲಿಲ್ಲ, ಅದಕ್ಕೆ ಬಂದದ್ದು. "ತೊಟ್ಟಿಲಿಲ್ಲದ ಮನೆಯಾಗ ನನಗೇನು ಕೆಲಸ," ಎಂದು ನೀನು ಹೆಗ್ಗನಹಳ್ಳಿಗೆ ಹೊರಟಾಗ ನಾವು ತಡೆಯಲಿಲ್ಲ. ನಿನ್ನ ಮುಖ ನೋಡಿ ಸುಳ್ಳನ್ನು ದಿನವೂ ಆಡುವುದು ನಟನ ಮನೆಯಲ್ಲೂ ಕಷ್ಟವಿತ್ತು.

ತೊಟ್ಟಿಲು ನಿನ್ನನ್ನು ಹುಡುಕಿಕೊಂಡು ಬರುತ್ತದೆಂದು ಯಾರು ಕಂಡಿದ್ದರು. ನಿನ್ನ ಪಕ್ಕದ ಮನೆಯ ಸೌಮ್ಯಶ್ರೀ, ತಾಯಿ ಇಲ್ಲದವಳು, ಗಾರ್ಮೆಂಟ್ಸ್ ಕೆಲಸಕ್ಕೆ ಮರಳಬೇಕೆಂದು ಕೂಸಿಗೆ ಪುಡಿ ಹಾಲು ರೂಢಿ ಮಾಡಿಸುತ್ತಿದ್ದಾಳೆ. ನೀನು ಅವಳಿಗೆ ತಾಯಿಯಾದೆ. ನಿನ್ನೆ ಬಾಗಿಲು ದಾಟಿದವನಿಗೆ ಮೊದಲು ಕಂಡದ್ದು ಹಾಲಿನ ಪುಡಿಯ ಡಬ್ಬ, ಆಮೇಲೆ ಆವಿಯಲ್ಲಿ ಓಲಾಡುತ್ತಿದ್ದ ಬೇವಿನ ಕಡ್ಡಿ. ಅದೂ ಬೋರಿನ ನೀರೇ. ನಿನಗೆ ಹೇಳಲಾಗದೆ ಗೇಟಿನ ಬಳಿ ಅವಳಿಗೆ ಹೇಳಿದೆ. ಅವಳು ಒಳಗೋಡಿ ಕೂಸನ್ನು ಎತ್ತಿಕೊಂಡು ಬಂದಳು. "ಅಂಕಲ್, ಅಜ್ಜಿ ಕಾಯ್ಸೋ ನೀರಿಗಿಂತ ಸೇಫ್ ಯಾವ್ದಿದೆ ಅಂದ್ಕೊಂಡಿದ್ದೆ," ಅಂದಳು. ಕೂಸನ್ನು ಆಗಲೇ ಆಸ್ಪತ್ರೆಗೆ ಒಯ್ದೆವು. ತೋಳಿಗೆ ಸೂಜಿ ಚುಚ್ಚುವ ಸನ್ನೆ ಮಾಡಿ, ಚುಚ್ಚುಮದ್ದಿಗೆ ಎಂದು ನಿನ್ನನ್ನು ನಂಬಿಸಿದೆವು. ಪುಡಿ ಶುರುವಾಗಿ ಹೆಚ್ಚು ದಿನವಾಗಿಲ್ಲ, ಎದೆಹಾಲೂ ಇದೆ. ರಕ್ತ ತೆಗೆದರು. ನಾನು ಆ ಕೊಳವೆಯನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ರಕ್ತ ಕೆಂಪಗಿತ್ತು ಅಕ್ಕಾ. ದಾಸವಾಳದಷ್ಟು ಕೆಂಪಗಿತ್ತು. ಆ ಹೆಣ್ಣುಮಗಳ ಮುಂದೆ ನಾನು ಅತ್ತುಬಿಟ್ಟೆ.

ಮನೆಗೆ ಬಂದು ಶುಭಾಳಿಗೆ ಎಲ್ಲ ಹೇಳಿದೆ. "ಈಗ ಹೇಳಿಬಿಡಿ ಅಪ್ಪ," ಅಂದಳು. "ಹೇಳದೇ ಇದ್ರೆ ಇನ್ನೊಂದು ಮನೆ, ಇನ್ನೊಂದು ಕೂಸು. ಅತ್ತೆಯ ಕೈ ಸುಮ್ಮನಿರೋ ಕೈಯಲ್ಲ." ನಿನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. "ಕೆಲವು ದಿನ ಇರುತ್ತೆ," ಅಂದಳು. ಅದನ್ನು ಮುಚ್ಚಿಡುವುದಿಲ್ಲ, ಮತ್ತೊಂದು ಸುಳ್ಳು ನನ್ನಿಂದಾಗದು. ಅವಳು ಇವತ್ತು ನಿನ್ನ ಬಳಿ ಬರುವುದಿಲ್ಲ. ಎಂದು ಬರುತ್ತಾಳೋ ನನಗೆ ತಿಳಿಯದು. ಆದರೆ ಕಿರಣನ ಕೈಯಲ್ಲಿರುವ ಕ್ಯಾನನ್ನು ತೊಳೆದು, ಕುದಿನೀರು ಬಿಟ್ಟು ಆರಿಸಿ, ನಮ್ಮ ಕಾವೇರಿ ನಲ್ಲಿಯಿಂದ ನೀರು ಹಿಡಿದು ಮುಚ್ಚಳ ಬಿಗಿದವಳು ಅವಳೇ. ಆ ನೀರನ್ನು ಈ ಮನೆಗೆ ಬಂದಾಗಲೇ ಪರೀಕ್ಷೆ ಮಾಡಿಸಿದ್ದೇವೆ. ದಿನ ಬಿಟ್ಟು ದಿನ ಕಿರಣ ತಂದು ಕೊಡುತ್ತಾನೆ.

ಸೌಮ್ಯಶ್ರೀ ನಿನ್ನನ್ನು ಬಿಡುವುದಿಲ್ಲ. "ಅಜ್ಜಿ ಎತ್ತಿಕೊಳ್ಳದಿದ್ರೆ ಇವಳು ನಿದ್ದೆ ಮಾಡಲ್ಲ, ನೀರೊಂದು ಬದಲಾಯ್ಸಿ ಸಾಕು," ಎಂದಿದ್ದಾಳೆ. ಆದ್ದರಿಂದ ಕೇಳು. ಈ ನೀರು ಗುಳ್ಳೆಯೆದ್ದು ಕುದಿ ಬರಲಿ, ಒಂದು ನಿಮಿಷ ಕುದಿಯಲಿ, ಮುಚ್ಚಿ ಇಳಿಸಿಬಿಡು. ಇಂಗಿಸಬೇಡ. ಬಿಸಿಯಿರುವಾಗಲೇ ಪುಡಿ ಕಲಸು, ಬಾಟಲಿಯನ್ನು ತಣ್ಣೀರಲ್ಲಿಟ್ಟು ಆರಿಸು, ಮುಂಗೈ ಮೇಲೆ ಹನಿ ಬಿಟ್ಟು ನೋಡಿ ಆಮೇಲೆ ಕುಡಿಸು.

ನಿನ್ನ ತಪ್ಪಿಲ್ಲವೆಂದು ನಾನು ನೂರು ಸಲ ಬರೆಯಬಲ್ಲೆ, ನೀನು ನಂಬುವುದಿಲ್ಲ. ಇವತ್ತು ಊಟ ಬಿಡುತ್ತೀಯ, ಗೋಡೆಗೆ ಮುಖ ಮಾಡಿ ಮಲಗುತ್ತೀಯ. ಮಲಗು. ಆದರೆ ಅಳುವ ಕೂಸನ್ನು ನಿನ್ನ ಪಕ್ಕಕ್ಕೆ ತಂದು ಮಲಗಿಸಿದರೆ ಏಳು.

ಏಳುವ ಮೊದಲು ಒಂದು ಕೆಲಸ. ಆ ಬೇವಿನ ಕಡ್ಡಿಯನ್ನು ಕಿರಣನ ಕೈಗೆ ಕೊಡು. ಅದಕ್ಕಾಗಿಯೇ ಅವನು ಬಾಗಿಲಲ್ಲಿ ನಿಂತಿದ್ದಾನೆ.

ನಿನ್ನನ್ನು ಹರಸುವ ವಯಸ್ಸು ನನ್ನದಲ್ಲ. ಬಾಗಿ ನಿನ್ನ ಕಾಲು ಮುಟ್ಟುತ್ತೇನೆ. ಹರಸುವುದಿದ್ದರೆ ಆ ಕೆಂಪು ರಕ್ತದ ಕೂಸನ್ನು ಹರಸು.

ನೀನು ನೀಲಿ ಬಳಿದು ರಂಗಕ್ಕೆ ಕಳಿಸುತ್ತಿದ್ದ ನಿನ್ನ ತಮ್ಮ,
ಕೊಟ್ರಪ್ಪ