ನೋಂದಣಿ ಮುಗಿಯುವವರೆಗೆ

ಮಾರ್ಚ್ ೧೪, ಶುಕ್ರವಾರ. ವಿಮಾ ಕಚೇರಿಯಿಂದ ಈಗ ಬಂದೆ. ಚಪ್ಪಲಿ ಬಿಟ್ಟವಳೇ ಬರೆಯಲು ಕುಳಿತಿದ್ದೇನೆ.

ಒತ್ತಕ್ಷರದವರಿಗೆ ನಮಸ್ಕಾರ.

ಪ್ರೆಸ್ಸಿನವರು ಇಟ್ಟ ಹೆಸರಿನಿಂದ ಕರೆದೆನೆಂದು ಬೇಸರ ಬೇಡ. ‘ಪ್ರಿಯ’ ಎಂದು ಬರೆದು ಹೊಡೆದುಹಾಕಿದರೆ ನಿಮ್ಮಂಥ ಕರಡು ತಿದ್ದುವವರ ಕಣ್ಣಿಗೆ ಮೊದಲು ಬೀಳುವುದೇ ಅದು.

ನನ್ನ ಆರೋಗ್ಯ ವಿಮೆ ಆಯಿತು. ಸೊಂಟದ ಕೀಲು ಬದಲಾಯಿಸಲು ಆಸ್ಪತ್ರೆಯವರು ಮುಂದಿನ ತಿಂಗಳಲ್ಲಿ ಒಂದು ದಿನ ಕೊಡುತ್ತಾರೆ. ಮೆಟ್ಟಿಲಿನ ನಡುವೆ ನಿಂತು, ಬೀದಿ ನೋಡುವವಳಂತೆ ನಟಿಸುವುದು ಇನ್ನು ಕೆಲವೇ ವಾರ.

ಕೌಂಟರಿನಲ್ಲಿ ಕೂತಿದ್ದ ಹೆಂಗಸು ನನ್ನ ಕಾಗದ ನೋಡಿ, “ನಿಮ್ಮವರು ಆಗಲೇ ಬಂದು ಎಲ್ಲ ಕೇಳ್ಕೊಂಡು ಹೋಗಿದಾರಲ್ಲಮ್ಮಾ” ಎಂದಳು. ಯಾರು ಎಂದೆ. “ಅದೇ, ನಮ್ಮ ಗೋಡೆ ಬೋರ್ಡಲ್ಲಿ ತಪ್ಪು ಹುಡುಕಿದ್ರಲ್ಲ, ಅವರು!” ಅದು ನೀವೇ ಎಂಬ ಬಗ್ಗೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ.

ನಿಯಮವನ್ನು ಅವಳೇ ಬಿಡಿಸಿ ಹೇಳಿದಳು. ಅರವತ್ತೈದು ತುಂಬಿದ ತಿಂಗಳಿನಿಂದ ನಾಲ್ಕು ತಿಂಗಳು, ಹಿರಿಯರು ಹೆಸರು ಬರೆಸುವ ಅವಧಿ ಅಷ್ಟೇ. ನನಗೆ ತುಂಬಿದ್ದು ಕಳೆದ ತಿಂಗಳು. ತಪ್ಪಿದರೆ ಮುಂದಿನ ವರ್ಷಕ್ಕೆ ಕಾಯಬೇಕು. ಕಂತೂ ಜೀವನಪೂರ್ತಿ ಹೆಚ್ಚು. ಸಂಬಳದ ಕೆಲಸ ಮಾಡಿದವರಿಗೆ ಸ್ವಂತ ಅರ್ಹತೆ. ಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಟ್ಟ ನನ್ನಂಥವರಿಗೆ ಗಂಡನ ಕೆಲಸದ ಮೇಲೆ. ಹೆಸರು ಬರೆಸುವ ದಿನ ಮದುವೆ ಊರ್ಜಿತವಾಗಿರಬೇಕು. ಒಮ್ಮೆ ಸೇರಿಸಿಕೊಂಡ ಮೇಲೆ ಬೇರೆಯಾದರೂ ತೆಗೆಯುವಂತಿಲ್ಲ.

“ಅದನ್ನೇ ನಿಮ್ಮವರು ಮತ್ತೆ ಮತ್ತೆ ಕೇಳಿದ್ರು, ಆಮೇಲೆ ತೆಗೆಯಲ್ಲ ತಾನೇ ಅಂತ. ಬರೆದು ಕೊಡಿ ಅಂದ್ರು, ಕೊಟ್ಟೆ. ಅದರಲ್ಲಿ ಒಂದು ದೀರ್ಘ ಬಿಟ್ಟಿತ್ತಂತೆ, ಅದನ್ನೂ ಹಾಕ್ಸಿದ್ರು ಪುಣ್ಯಾತ್ಮರು!”

ನಾನು ಕುರ್ಚಿ ಹುಡುಕಿ ಕುಳಿತೆ. ಸೊಂಟದ ನೋವಿಗಲ್ಲ.

ಕಳೆದ ಬೇಸಿಗೆಯಿಂದ ನಮ್ಮ ಬಿಡುಗಡೆಯ ಕಾಗದ ನಿಮ್ಮ ಬಳಿಗೆ ಹೋಗುವುದು, ಸಹಿಯಿಲ್ಲದೆ ಮರಳುವುದು. ಮೊದಲ ಸಲ ‘ವಿಚ್ಛೇದನ’ಕ್ಕೆ ಛ ಒತ್ತಿನ ಬದಲು ಚ ಒತ್ತು ಬಿದ್ದಿದೆಯೆಂದು ಕೆಂಪು ಗುರುತು. ಮುಂದಿನ ಸಲ ಮನೆ ನಂಬರಿನ ಪಕ್ಕ ಅಲ್ಪವಿರಾಮವಿಲ್ಲ. ಆಮೇಲೆ ಒಂದು ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ. ವಕೀಲರು ರೇಗಿ, “ಅಮ್ಮಾ, ನಿಮ್ಮ ಯಜಮಾನ್ರು ಸಹಿ ಹಾಕ್ತಾರೋ, ಪರೀಕ್ಷೆ ಪೇಪರ್ ತಿದ್ತಾರೋ?” ಎಂದರು. ನಾನೂ ಬೈದೆ. ನಾಲ್ಕು ಜನರ ಮುಂದೆ ನನ್ನ ಮಾತು ತಿದ್ದುತ್ತೀರೆಂದೇ ಮನೆ ಬಿಟ್ಟವಳು. ಬಿಡುವ ಕಾಗದವನ್ನೂ ತಿದ್ದುತ್ತೀರಲ್ಲ ಎಂದು ಮೈ ಉರಿಯಿತು.

ಆ ಗುರುತುಗಳನ್ನು ಈಗ ಮತ್ತೆ ನೋಡಿದೆ. ಒಂದೂ ಸುಳ್ಳಲ್ಲ. ಇಲ್ಲದ ತಪ್ಪನ್ನು ನೀವು ಹುಟ್ಟಿಸಲಿಲ್ಲ. ಇದ್ದವನ್ನು ಸಲಕ್ಕೆ ಒಂದರಂತೆ ತೋರಿಸಿದಿರಿ. ಎಲ್ಲವನ್ನೂ ಮೊದಲ ದಿನವೇ ಕಂಡಿದ್ದಿರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಷ್ಟು ತಪ್ಪು ಕಂಡೂ ಕೈಕಟ್ಟಿ ಕೂರುವುದು ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಮೊದಲೇ ಹೇಳಬಹುದಿತ್ತಲ್ಲ ಎಂದು ಕೇಳುವುದಿಲ್ಲ. ಹೇಳಿದ್ದರೆ ನಿಮ್ಮ ಹಂಗು ಬೇಡವೆಂದು ಮರುದಿನವೇ ಸಹಿಗೆ ಓಡುತ್ತಿದ್ದೆ. ನನ್ನ ಬಿಗುಮಾನವನ್ನು ಸರಿಯಾಗಿ ಓದಿದ್ದೀರಿ. ಬೈಗುಳ ತಿಂದು ಸುಮ್ಮನಿದ್ದವರ ಮೇಲೆ ಇಷ್ಟು ಗೌರವ ಹುಟ್ಟಬಹುದೆಂದು ನನಗೆ ಗೊತ್ತಿರಲಿಲ್ಲ.

ಇನ್ನು ನಿಮ್ಮ ಮೇಲೆ ಆ ಭಾರವಿಲ್ಲ. ಸೋಮವಾರ ವಕೀಲರ ಕೋಣೆಗೆ ಇಬ್ಬರೂ ಬಂದು ಸಹಿ ಮಾಡಬಹುದು. ನನ್ನ ವಿಮೆ ಉಳಿಯುತ್ತದೆ.

ಇಂತಿ,
ಕಾಗದದಲ್ಲಿ ಇನ್ನೂ ನಿಮ್ಮ ಹೆಂಡತಿ

ತಾ.ಕ.: ಇದನ್ನು ಮಡಚುವಾಗ ಆಸ್ಪತ್ರೆಯಿಂದ ಫೋನ್ ಬಂತು. ಶಸ್ತ್ರಚಿಕಿತ್ಸೆಯ ದಿನ ಹೊರಗೆ ಕಾಯುವವರು ಯಾರೆಂದು ಕೇಳಿದರು. ನಿಮ್ಮ ಹೆಸರು ಹೇಳಿದೆ. “ಅವರು ನಿಮಗೆ ಏನಾಗಬೇಕು?” ಎಂದಳು ಫೋನ್ ಮಾಡಿದ ಹುಡುಗಿ. ಎಲ್ಲರನ್ನೂ ಕೇಳುವ ಮಾತು. ಆದರೂ ಏನಾಗಬೇಕೆಂದು ನಾನೇ ಆರಿಸಬೇಕು ಎಂಬಂತೆ ಕೇಳಿಸಿತು. ನಾಳೆ ಹೇಳುತ್ತೇನೆಂದೆ. ಗಂಡ ಎಂದು ಹೇಳುವುದೆಂದು ತೀರ್ಮಾನಿಸಿದ್ದೇನೆ. ಶಸ್ತ್ರಚಿಕಿತ್ಸೆಯ ದಿನ ಅದು ಸುಳ್ಳಾಗಬಾರದು. ಹಾಗಾಗಿ ಸೋಮವಾರ ನಾನು ಬರುವುದಿಲ್ಲ. ವಕೀಲರಿಗೆ ಇನ್ನೂ ತಿಳಿಸಿಲ್ಲ.